ಟಿವಿ ಗೇಮ್ ಕಟ್ಟೆ: ಒಂದು ಕ್ಯಾಸೆಟ್‌ನಲ್ಲಿ 9999999 ಆಟ ಹಿಡಿಸುವುದು ಹೇಗೆ?

ಹಳೇ ಟಿವಿ ಗೇಮ್ ಬಗ್ಗೆ ಪ್ರಶ್ನೆ ಇದ್ದರೆ ಕಳಿಸಿ ಅಂತ ಹೋದ ತಿಂಗಳು ಕೇಳಿದ್ದೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಿಂದ ಪತ್ರ ಬಂದಿವೆ. ಗೊತ್ತಿಲ್ಲದವರಿಗೆ ಒಂದು ಮಾತು: ನಾನು ಹಾಸನದ ಸಂತೇಪೇಟೆ ಕಡೆ ಟಿವಿ ರಿಪೇರಿ ಮಾಡುವವನು. ತೊಂಬತ್ತರ ದಶಕದಲ್ಲಿ ಪೋರ್ಟಬಲ್ ಟಿವಿ, ಟೇಪ್‌ರೆಕಾರ್ಡರ್ ಜೊತೆ ಈ ಗೇಮ್ ಪೆಟ್ಟಿಗೆಗಳೂ ನನ್ನ ಮೇಜಿಗೆ ಬರುತ್ತಿದ್ದವು. ಈಗ ಅವನ್ನು ತರುವವರು ಅವತ್ತಿನ ಮಕ್ಕಳೇ, ಕೆಲವರು ತಮ್ಮ ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್, ನಾವು ಚಿಕ್ಕವರಿದ್ದಾಗ ಆಡಿದ ಮಾರಿಯೋ ನಿಧಾನವಾಗಿ ಓಡುತ್ತಿದ್ದ. ಈಗ ಯೂಟ್ಯೂಬ್‌ನಲ್ಲಿ ನೋಡಿದರೆ ಅದೇ ಆಟ, ಅದೇ ಹಾಡು, ಆದರೆ ಎಲ್ಲದಕ್ಕೂ ಅವಸರ. ನಿನಗೆ ನೆನಪು ಕೈಕೊಡ್ತಿದೆ ಅಂತ ನನ್ನ ತಮ್ಮ ಹೇಳುತ್ತಾನೆ. ಯಾರು ಸರಿ?
— ಹಳೇ ಮಾರಿಯೋ, ಚನ್ನರಾಯಪಟ್ಟಣ

ಉತ್ತರ: ನೀವೇ ಸರಿ. ಜಪಾನ್, ಅಮೆರಿಕದ ಟಿವಿಗಳಲ್ಲಿ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತಿತ್ತು. ನಮ್ಮದು ಪಾಲ್ ಪದ್ಧತಿ, ಸೆಕೆಂಡಿಗೆ 50 ಸಲ. ಆ ಕಾಲದ ಆಟಗಳಿಗೆ ಟಿವಿಯ ಚಿತ್ರವೇ ಗಡಿಯಾರ. ಒಂದು ಚಿತ್ರ ಬಂದರೆ ಮಾರಿಯೋ ಒಂದು ಹೆಜ್ಜೆ ಮುಂದೆ, ಹಾಡೂ ಒಂದು ಚೂರು ಮುಂದೆ. ಚಿತ್ರ ಕಡಿಮೆಯಾದರೆ ಆಟವೇ ನಿಧಾನ. ಅಲ್ಲಿಯ ಮಾರಿಯೋ ಆರು ಹೆಜ್ಜೆ ಇಡುವಷ್ಟು ಹೊತ್ತಿಗೆ ನಮ್ಮವನು ಐದು ಇಡುತ್ತಿದ್ದ.

ತಮ್ಮನ ಎದುರಿಗೇ ಇದನ್ನು ತೋರಿಸಬಹುದು. ಮೊದಲನೇ ಲೆವೆಲ್ ಶುರುವಾದಾಗ ಮೇಲೆ ಬಲಗಡೆ ಟೈಮ್ 400 ಅಂತ ಇರುತ್ತದಲ್ವಾ, ಅದು ಸೆಕೆಂಡ್ ಲೆಕ್ಕ ಅಲ್ಲ. 24 ಚಿತ್ರಕ್ಕೆ ಒಂದರಂತೆ ಇಳಿಯುತ್ತದೆ. ಮಾರಿಯೋನನ್ನು ಶುರುವಿನ ಜಾಗದಲ್ಲೇ ನಿಲ್ಲಿಸಿ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿ. ಅಲ್ಲಿಗೆ ಯಾವ ಶತ್ರುವೂ ಬರುವುದಿಲ್ಲ. 60ರ ಪೆಟ್ಟಿಗೆಯಲ್ಲಿ 400 ಮುಗಿಯಲು 160 ಸೆಕೆಂಡ್ ಬೇಕು. 50ರದ್ದರಲ್ಲಿ 192. ಅರ್ಧ ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಇನ್ನೊಂದು ವಿಷಯ ಇದೆ. ಹಾಡು ನಿಧಾನವಾದರೂ ಅದರ ಶ್ರುತಿ ಇಳಿಯುತ್ತಿರಲಿಲ್ಲ. ಶ್ರುತಿ ಬರುವುದು ಪ್ರೊಸೆಸರ್‌ನ ವೇಗದಿಂದ. ಮೂಲ ಪೆಟ್ಟಿಗೆ ಅಂದರೆ ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಂ, ಅದರ ಪ್ರೊಸೆಸರ್ 1.79 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ನಮ್ಮಂಥ ದೇಶಗಳಿಗೆ ಬಂದ ಎಷ್ಟೋ ನಕಲಿ ಪೆಟ್ಟಿಗೆಗಳಲ್ಲಿ ತೈವಾನಿನ ಯುಎಂಸಿ ಕಂಪನಿಯ ಚಿಪ್ ಇರುತ್ತಿತ್ತು, ಅದರ ವೇಗ 1.77. ಹೆಚ್ಚುಕಡಿಮೆ ಒಂದೇ. ನಿಂಟೆಂಡೊ ತಾನೇ ಯುರೋಪಿಗೆ ಕಳಿಸಿದ ಪೆಟ್ಟಿಗೆಯ ವೇಗ 1.66ಕ್ಕೆ ಇಳಿದಿತ್ತು. ಹಾಗಾಗಿ ಬದಲಾಯಿಸದೆ ಹಾಕಿದ ಜಪಾನಿ ಕ್ಯಾಸೆಟ್ ಅಲ್ಲಿ ಶ್ರುತಿ ಇಳಿಸಿ ಹಾಡುತ್ತಿತ್ತು. ತೈವಾನಿನ ಯಾರೋ ಎಂಜಿನಿಯರ್ 50ರ ಟಿವಿಯಲ್ಲೂ ಜಪಾನಿ ಕ್ಯಾಸೆಟ್ ಸರಿಯಾಗಿ ಓಡಲಿ ಅಂತ ತಲೆಕೆಡಿಸಿಕೊಂಡು ಮಾಡಿದ ಕೆಲಸ ಆ 1.77ರ ಚಿಪ್. ಚಿಪ್‌ಗಳ ಮೇಲೆ ಯುಎ6527ಪಿ, ಯುಎ6538 ಅಂತ ಬರೆದಿರುತ್ತದೆ. ನಿಮ್ಮ ಪೆಟ್ಟಿಗೆ ಬಿಚ್ಚಿದಾಗ ಅವು ಕಂಡರೆ ಜೋಪಾನ ಮಾಡಿ.

ಪ್ರಶ್ನೆ: ನಮ್ಮ ಮನೆಯ ಹಳದಿ ಕ್ಯಾಸೆಟ್ ಮೇಲೆ 9999999 ಇನ್ 1 ಅಂತ ಇದೆ. ಬೇಸಿಗೆ ರಜೆಯಲ್ಲಿ ಎಲ್ಲಾ ಆಟ ನೋಡಿಯೇ ಬಿಡೋಣ ಅಂತ ನಾನು, ನಮ್ಮ ಅಕ್ಕ ಪಟ್ಟಿ ಬರೆಯಲು ಶುರು ಮಾಡಿದ್ದೆವು. ನಿಜಕ್ಕೂ ಅದರಲ್ಲಿ ಎಷ್ಟು ಆಟ ಇದ್ದವು?
— ಪಟ್ಟಿ ಬರೆದವನು, ಅರಸೀಕೆರೆ

ಉತ್ತರ: ಅಂಥ ಕ್ಯಾಸೆಟ್‌ಗಳಲ್ಲಿ ಬೆರಳೆಣಿಕೆಯಷ್ಟು ಆಟ ಇರುತ್ತಿದ್ದವು. ಉಳಿದದ್ದೆಲ್ಲ ಅವೇ ಆಟಗಳು, ಬೇರೆ ಹೆಸರಿನಲ್ಲಿ.

ಮೊದಲು ಜಾಗದ ಲೆಕ್ಕ ನೋಡೋಣ. ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್. ಎಂಟು ವರ್ಲ್ಡ್, ಹಾಡು, ಚಿತ್ರ, ಎಲ್ಲಾ ಸೇರಿ ಅಷ್ಟೇ. ಇವತ್ತಿನ ಮೊಬೈಲ್‌ನಲ್ಲಿ ತೆಗೆದ 4 ಎಂಬಿಯ ಒಂದು ಫೋಟೋದ ಜಾಗದಲ್ಲಿ ನೂರು ಮಾರಿಯೋ ಹಿಡಿಸುತ್ತವೆ. ಅಷ್ಟು ಚಿಕ್ಕದಾಗಿ ಬರೆಯಲು ಅವರು ಏನೆಲ್ಲಾ ಮಾಡಿದ್ದಾರೆ ಗೊತ್ತಾ? ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಮುಂದಿನ ಸಲ ಆಡುವಾಗ ನೋಡಿ.

ಎಕ್ಸೈಟ್‌ಬೈಕ್, ಬ್ಯಾಟಲ್ ಸಿಟಿ, ಲೋಡ್ ರನ್ನರ್ ಥರದವು ಇನ್ನೂ ಚಿಕ್ಕವು, 24 ಕಿಲೋಬೈಟ್. ಇಂಥವನ್ನು ಒಂದೇ ರೋಮ್ (ROM) ಚಿಪ್‌ನಲ್ಲಿ ಸಾಲಾಗಿ ತುಂಬುತ್ತಿದ್ದರು. ಜೊತೆಗೆ ಒಂದು ಮೆನು, ಸಮುದ್ರ ತೀರ, ಹಾರುವ ಹಕ್ಕಿ, ಪಕ್ಕದಲ್ಲಿ ಬಾಣ. ನೀವು ಹೆಸರು ಆರಿಸಿ ಸ್ಟಾರ್ಟ್ ಒತ್ತಿದಾಗ ಕ್ಯಾಸೆಟ್‌ನೊಳಗಿನ ಒಂದು ಸಣ್ಣ ಲ್ಯಾಚ್ ಸರ್ಕ್ಯೂಟ್‌ಗೆ ಒಂದು ಸಂಖ್ಯೆ ಹೋಗಿ ಅಲ್ಲೇ ನಿಲ್ಲುತ್ತದೆ. ಚಿಪ್‌ನ ಯಾವ ಭಾಗ ಪೆಟ್ಟಿಗೆಗೆ ಕಾಣಬೇಕು ಅಂತ ಆ ಸಂಖ್ಯೆ ಹೇಳುತ್ತದೆ. ಅಲ್ಲಿಂದ ಮುಂದೆ ಪೆಟ್ಟಿಗೆಯ ಮಟ್ಟಿಗೆ ಆ ಕ್ಯಾಸೆಟ್‌ನಲ್ಲಿ ಇರುವುದು ಅದೊಂದೇ ಆಟ.

ಇನ್ನು ಸಾವಿರ, ಲಕ್ಷ ಎಲ್ಲಿಂದ ಬಂತು? ಆಟಕ್ಕೆ ಹೋಗುವ ಮುಂಚೆ ಮೆನು ಇನ್ನೊಂದು ಸಂಖ್ಯೆಯನ್ನೂ ನೆನಪಿಗೆ ಹಾಕುತ್ತದೆ. ಎಷ್ಟನೇ ಲೆವೆಲ್‌ನಿಂದ ಶುರು, ಎಷ್ಟು ಲೈಫ್, ಮಾರಿಯೋ ಚಿಕ್ಕವನೋ ದೊಡ್ಡವನೋ ಅಂತ. ಒಂದೊಂದಕ್ಕೂ ಒಂದು ಹೊಸ ಹೆಸರು. ಪಟ್ಟಿಯಲ್ಲಿ ಕೆಳಗೆ ಹೋದ ಹಾಗೆ ಹೆಸರೂ ಮುಗಿದು, ಬರೀ ಸಂಖ್ಯೆ ಏರುತ್ತಾ ಹೋಗುತ್ತದೆ. ನೀವು, ನಿಮ್ಮ ಅಕ್ಕ ಬರೆದ ಪಟ್ಟಿ ಇನ್ನೂ ಇದ್ದರೆ ಕಳಿಸಿ. ಯಾವ ಹೆಸರು ಯಾವ ಆಟ ಅಂತ ಗುರುತು ಹಾಕಿ ಕೊಡುತ್ತೇನೆ.

ಲೇಬಲ್ ಸುಳ್ಳು. ದುಡ್ಡು ಕೂಡಿಸಿ ಕೊಂಡ ಮಕ್ಕಳಿಗೆ ಹೇಳಿದ ಸುಳ್ಳು, ಅದನ್ನು ಹಾಗೇ ಹೇಳಬೇಕು. ಆದರೆ 76 ಇನ್ 1, 64 ಇನ್ 1 ಅಂತ ಬರೆದ ಕೆಲವು ಕ್ಯಾಸೆಟ್‌ಗಳಲ್ಲಿ ನಿಜಕ್ಕೂ ಅಷ್ಟು ಬೇರೆ ಬೇರೆ ಆಟ ಇದ್ದವು. ಅಂಥದ್ದು ನಿಮ್ಮ ಹತ್ತಿರ ಇದ್ದರೆ ಕೊಡಬೇಡಿ, ಇಟ್ಟುಕೊಳ್ಳಿ.

ಪ್ರಶ್ನೆ: ಟ್ಯಾಂಕ್ 1990 ಆಟವನ್ನು ಮಾಡಿದ್ದು ಯಾರು? ಎಷ್ಟು ಹುಡುಕಿದರೂ ಟೈಟಲ್‌ನಲ್ಲಿ ಕಂಪನಿ ಹೆಸರು ಇಲ್ಲ.
— ಟ್ಯಾಂಕ್ ಡ್ರೈವರ್, ಬೇಲೂರು

ಉತ್ತರ: ಈ ಪ್ರಶ್ನೆಗೋಸ್ಕರವೇ ಅಂಕಣ ಬರೆಯಬೇಕು ಅನ್ನಿಸಿತು.

ಅದರ ಮೂಲ ಬ್ಯಾಟಲ್ ಸಿಟಿ. ಜಪಾನಿನ ನಾಮ್ಕೋ ಕಂಪನಿ 1985ರಲ್ಲಿ ತಂದ ಆಟ. 35 ಲೆವೆಲ್, ಕೆಳಗೆ ಇಟ್ಟಿಗೆ ಗೋಡೆಯೊಳಗೆ ಹದ್ದು, ಜೊತೆಗೆ ನಾವೇ ಮೈದಾನ ಕಟ್ಟುವ ಕನ್‌ಸ್ಟ್ರಕ್ಷನ್. ಇಬ್ಬರು ಒಟ್ಟಿಗೆ ಆಡುವ ಆಟಗಳಲ್ಲಿ ನನಗೆ ಇವತ್ತಿಗೂ ಇದಕ್ಕಿಂತ ಇಷ್ಟವಾದದ್ದು ಇಲ್ಲ. ಯಾರೋ ಅದನ್ನು ತಿದ್ದಿ, ಹೊಸ ಪವರ್, ಹೊಸ ಮೈದಾನ ಸೇರಿಸಿ, ಟ್ಯಾಂಕ್ 1990 ಅಂತ ಹೆಸರಿಟ್ಟರು. ನಾಮ್ಕೋ ಹೆಸರನ್ನು ಅಳಿಸಿದರು.

ಹೀಗೆ ಅಳಿಸುವುದು ಆಗ ಮಾಮೂಲು. ಟೈಟಲ್ ಪರದೆಯ ಕೆಳಗೆ ಇಸವಿ, ಕಂಪನಿ ಹೆಸರಿನ ಒಂದು ಸಾಲು ಇರುತ್ತದೆ. ಆ ಅಕ್ಷರಗಳನ್ನು ಖಾಲಿ ಚೌಕ ಮಾಡಿಬಿಟ್ಟರೆ ಕೆಲಸ ಮುಗಿಯಿತು. ನಿಮ್ಮ ಹಳೇ ಕ್ಯಾಸೆಟ್ ಹಾಕಿ, ಟೈಟಲ್‌ನ ಕೆಳಭಾಗ ನೋಡಿ. ಸುಮ್ನೆ ಖಾಲಿ ಬಿಟ್ಟ ಹಾಗೆ ಕಾಣುತ್ತದಲ್ವಾ, ಅಲ್ಲೇ ಹೆಸರು ಇದ್ದದ್ದು. ಕೆಲವರು ಇನ್ನೂ ಮುಂದೆ ಹೋದರು. ಫ್ಲಿಂಟ್‌ಸ್ಟೋನ್ಸ್ ಆಟದ ನಾಯಕನ ತಲೆ ತೆಗೆದು ಮಾರಿಯೋ ತಲೆ ಕೂರಿಸಿ, ಗ್ರ್ಯಾಂಡ್ ಡ್ಯಾಡ್ ಅಂತ ಹೆಸರಿಟ್ಟು ಮಾರಿದ್ದಾರೆ. ಅದನ್ನು ಹೊಸ ಮಾರಿಯೋ ಅಂತ ನಂಬಿ ಆಡಿದ ಮಕ್ಕಳು ಎಷ್ಟು ಜನವೋ.

ಮೂಲ ಕಂಪನಿಗಳೂ ಈ ವಿಷಯದಲ್ಲಿ ಒಳ್ಳೆಯ ಕೆಲಸ ಮಾಡಲಿಲ್ಲ. ಬೇರೆ ಕಂಪನಿಯವರು ತಮ್ಮ ಹುಡುಗರನ್ನು ಎಳೆದುಕೊಂಡು ಹೋದಾರು ಅನ್ನುವ ಭಯಕ್ಕೆ ಆಟದ ಕೊನೆಯಲ್ಲಿ ನಿಜವಾದ ಹೆಸರು ಹಾಕಲು ಬಿಡುತ್ತಿರಲಿಲ್ಲ. ಅಡ್ಡಹೆಸರು ಹಾಕಬೇಕಿತ್ತು. ಕ್ಯಾಪ್‌ಕಾಮ್‌ನ ಕೇಜಿ ಇನಾಫುನೆ ಅವರ ಹೆಸರು ಇನಾಫ್‌ಕಿಂಗ್ ಅಂತ ಬರುತ್ತಿತ್ತು. ಅಂದರೆ ಮಾಡಿದವರ ಹೆಸರನ್ನು ಮೊದಲು ಅವರ ಕಂಪನಿ ಮರೆಸಿತು, ಆಮೇಲೆ ಕಂಪನಿಯ ಹೆಸರನ್ನು ನಕಲು ಮಾಡಿದವರು ಅಳಿಸಿದರು. ಹಾಸನದ ಮಕ್ಕಳ ಕೈಗೆ ಬರುವ ಹೊತ್ತಿಗೆ ಆ ಆಟಗಳಿಗೆ ಅಪ್ಪ ಅಮ್ಮನೇ ಇರಲಿಲ್ಲ. ನನಗೆ ಇದು ನಿಜಕ್ಕೂ ನೋವು ಕೊಡುವ ವಿಷಯ.

ಅದಕ್ಕೇ ನನ್ನ ಅಂಗಡಿಗೆ ಬರುವ ಪ್ರತಿ ಕ್ಯಾಸೆಟ್‌ನ ಹಿಂದೆ ಒಂದು ಸಣ್ಣ ಚೀಟಿ ಅಂಟಿಸಿ ಕೊಡುತ್ತೇನೆ. ಬ್ಯಾಟಲ್ ಸಿಟಿ, ನಾಮ್ಕೋ, 1985. ಅಡ್ವೆಂಚರ್ ಐಲ್ಯಾಂಡ್, ಹಡ್ಸನ್, 1986. ಸೂಪರ್ ಮಾರಿಯೋ ಬ್ರದರ್ಸ್, ನಿಂಟೆಂಡೊ, 1985, ಮಾಡಿದವರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ, ಸಂಗೀತ ಕೋಜಿ ಕೊಂಡೊ. ಪೆಟ್ಟಿಗೆಗೂ ಒಂದು ಚೀಟಿ. ಅದು ಏನೇ ಬ್ರ್ಯಾಂಡ್ ಇರಲಿ, ಮೂಲ ವಿನ್ಯಾಸ ಮಸಾಯುಕಿ ಉಯೆಮುರಾ ಅವರ ಮುಂದಾಳತ್ವದಲ್ಲಿ ಆದ ಫ್ಯಾಮಿಕಾಂ, 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆ. ಅವರು ತೀರಿಕೊಂಡದ್ದು 2021ರಲ್ಲಿ. ನಮ್ಮ ಹೆಬ್ಬೆರಳಿನ ಕೆಳಗಿನ ಪ್ಲಸ್ ಆಕಾರದ ಬಟನ್ ಗುನ್‌ಪೇ ಯೊಕೊಯ್ ಅವರ ಕೆಲಸ.

ಪ್ರಶ್ನೆ: ಕಾಂಟ್ರಾದಲ್ಲಿ 30 ಲೈಫ್ ಬರುವ ಕೋಡ್ ಮರೆತುಹೋಗಿದೆ. ಅದು ನಿಜವಾಗಿಯೂ ಕೆಲಸ ಮಾಡುತ್ತಿತ್ತಾ, ಇಲ್ಲ ನಮ್ಮ ಹುಡುಗರು ಸುಮ್ನೆ ಹಬ್ಬಿಸಿದ್ದಾ?
— ಎಸ್ ಗನ್, ಕಡೂರು

ಉತ್ತರ: ನೂರಕ್ಕೆ ನೂರು ನಿಜ. ಟೈಟಲ್ ಬಂದಾಗ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಸ್ಟಾರ್ಟ್. ಇಬ್ಬರು ಆಡುವುದಾದರೆ ಸ್ಟಾರ್ಟ್‌ಗೆ ಮುಂಚೆ ಒಂದು ಸಲ ಸೆಲೆಕ್ಟ್. ನಿಮ್ಮ ಕ್ಯಾಸೆಟ್‌ನಲ್ಲಿ ಕೋಡ್ ಹಾಕದೆಯೇ 30 ಬರುತ್ತಿದ್ದರೆ ಅದನ್ನು ಯಾರೋ ಮೊದಲೇ ತಿದ್ದಿದ್ದಾರೆ ಅಂತ ಅರ್ಥ.

ಇದರ ಹಿಂದೆ ಇರುವವರು ಕಾಂಟ್ರಾ ತಂದ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ. 1986ರಲ್ಲಿ ಗ್ರಾಡಿಯಸ್ ಆಟವನ್ನು ಫ್ಯಾಮಿಕಾಂಗೆ ತರುತ್ತಿದ್ದಾಗ ಆಟ ಅವರಿಗೇ ಕಷ್ಟವಾಯಿತು. ಪರೀಕ್ಷೆ ಮಾಡಲು ಕೊನೆಯವರೆಗೆ ಹೋಗಬೇಕಲ್ವಾ? ತನಗೆ ನೆನಪಿರುವಂಥ ಒಂದು ಸಾಲು ಬಟನ್ ಇಟ್ಟುಕೊಂಡರು, ಅದು ಆಟದಲ್ಲೇ ಉಳಿಯಿತು. ಕಾಂಟ್ರಾಕ್ಕೆ ಬಂದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ಅವರು 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಕಡೂರಿನಲ್ಲಿ ಇಬ್ಬರು ಗೆಳೆಯರು ಎಂಟನೇ ಲೆವೆಲ್ ಮುಟ್ಟಿದ್ದಕ್ಕೆ ಅವರಿಗೆ ಒಂದು ನಮಸ್ಕಾರ ಸಲ್ಲಬೇಕು.

ಪ್ರಶ್ನೆ: ಮಗನಿಗೆ ಬಾತುಕೋಳಿ ಹೊಡೆಯುವ ಆಟ ತೋರಿಸೋಣ ಅಂತ ತವರುಮನೆಯಿಂದ ಗನ್ ಸಮೇತ ಪೆಟ್ಟಿಗೆ ತಂದೆ. ಹೊಸ ಎಲ್‌ಇಡಿ ಟಿವಿಯಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಒಂದು ಹಕ್ಕಿಯೂ ಬೀಳುವುದಿಲ್ಲ. ಗನ್ ಕೆಟ್ಟಿದೆಯಾ?
— ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಗನ್ ಸರಿಯಾಗಿಯೇ ಇರಬಹುದು. ಹೊಂದಿಕೆ ಆಗದಿರುವುದು ಟಿವಿ.

ಆ ಗನ್‌ನಿಂದ ಏನೂ ಹೊರಗೆ ಹೋಗುವುದಿಲ್ಲ. ಅದು ನೋಡುತ್ತದೆ, ಅಷ್ಟೇ. ಕೊಳವೆಯೊಳಗೆ ಒಂದು ಲೆನ್ಸ್, ಅದರ ಹಿಂದೆ ಬೆಳಕು ಗುರುತಿಸುವ ಒಂದು ಸಣ್ಣ ಭಾಗ. ಟ್ರಿಗರ್ ಒತ್ತಿದ ಕೂಡಲೇ ಆಟ ಇಡೀ ಪರದೆಯನ್ನು ಕ್ಷಣ ಹೊತ್ತು ಕಪ್ಪು ಮಾಡುತ್ತದೆ. ಮರುಕ್ಷಣ ಹಕ್ಕಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ. ಎರಡು ಹಕ್ಕಿ ಇದ್ದರೆ ಒಂದಾದ ಮೇಲೆ ಒಂದು ಚೌಕ. ಗನ್ ಕಪ್ಪು ನೋಡಿ ಆಮೇಲೆ ಬಿಳಿ ನೋಡಿದರೆ ಗುರಿ ತಾಗಿತು ಅಂತ ಲೆಕ್ಕ. ಎಷ್ಟನೇ ಚಿತ್ರದಲ್ಲಿ ಬಿಳಿ ಕಂಡಿತು ಅನ್ನುವುದರ ಮೇಲೆ ಯಾವ ಹಕ್ಕಿ ಅಂತ ಗೊತ್ತಾಗುತ್ತದೆ. ನೀವು ಚಿಕ್ಕವರಿದ್ದಾಗ ಗುಂಡು ಹೊಡೆದಾಗಲೆಲ್ಲ ಪರದೆ ಮಿಣುಕಿದ್ದು ನೆನಪಿದೆಯಾ? ಅದೇ ಇದು. ಡಕ್ ಹಂಟ್ 1984ರ ಆಟ, ಅಷ್ಟು ಹಿಂದೆ ಇಂಥ ಉಪಾಯ ಹೊಳೆದದ್ದು ದೊಡ್ಡ ಮಾತು.

ಹಳೇ ಡಬ್ಬ ಟಿವಿಯಲ್ಲಿ ಒಂದು ಕಿರಣ ಮೇಲಿನಿಂದ ಕೆಳಗೆ ಗೆರೆ ಎಳೆಯುತ್ತಾ ಹೋಗುತ್ತದೆ, ಸೆಕೆಂಡಿಗೆ ಸುಮಾರು 15,600 ಗೆರೆ. ಗನ್ ಆ ವೇಗದ ಮಿನುಗನ್ನೇ ಹುಡುಕುವ ಹಾಗೆ ಮಾಡಿದ್ದಾರೆ, ಬಲ್ಬು ತೋರಿಸಿ ಮೋಸ ಮಾಡಬಾರದು ಅಂತ. ಎಲ್‌ಇಡಿ ಟಿವಿಯಲ್ಲಿ ಆ ಕಿರಣವೂ ಇಲ್ಲ, ಆ ಮಿನುಗೂ ಇಲ್ಲ. ಮೇಲಾಗಿ ಚಿತ್ರ ಸಿದ್ಧ ಮಾಡಲು ಅದು ತಡಮಾಡುತ್ತದೆ. ಬಿಳಿ ಚೌಕ ಬರುವ ಹೊತ್ತಿಗೆ ಆಟ ನೋಡುವುದನ್ನೇ ನಿಲ್ಲಿಸಿರುತ್ತದೆ.

ಗುಜರಿಗೆ ಹೋಗುವ ಮುಂಚೆ ಒಂದು 14 ಅಥವಾ 21 ಇಂಚಿನ ಡಬ್ಬ ಟಿವಿ ಹುಡುಕಿ. ನೆಂಟರ ಮನೆಯಲ್ಲಿ ಇನ್ನೂ ಸಿಗುತ್ತವೆ. ತಂದ ಮೇಲೆ ಯಾರೂ ಅದರ ಹಿಂಬದಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬ್‌ನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಏನೇ ಇದ್ದರೂ ಮೆಕ್ಯಾನಿಕ್ ಹತ್ತಿರ ತನ್ನಿ. ಮಗ ಪರದೆಗೆ ಗನ್ ತಾಗಿಸಿ ಹೊಡೆದರೆ ಬೈಯಬೇಡಿ, ಎಲ್ಲರೂ ಶುರು ಮಾಡುವುದು ಹಾಗೇ.

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ತೋಟ. ಮಳೆಗಾಲ ಕಳೆದ ಮೇಲೆ ಕ್ಯಾಸೆಟ್ ಹಾಕಿದರೆ ಬರೀ ಬಣ್ಣದ ಚೌಕಗಳು. ಮೊದಲಿನ ಹಾಗೆ ಊದಿ ಹಾಕಿದರೆ ಒಮ್ಮೊಮ್ಮೆ ಬರುತ್ತದೆ. ಊದುವುದು ತಪ್ಪಾ?
— ಕಾಫಿ ತೋಟದವನು, ಸಕಲೇಶಪುರ

ಉತ್ತರ: ತಪ್ಪು. ಊದಬಾರದು ಅಂತ ನಿಂಟೆಂಡೊ ತಾನೇ ಹೇಳಿದೆ. ಉಸಿರಿನಲ್ಲಿ ತೇವ ಇರುತ್ತದೆ, ತಾಮ್ರದ ಗೆರೆಗೆ ತೇವ ತಾಗಿ ತಾಗಿ ಹಸಿರು ಕಟ್ಟುತ್ತದೆ. ಊದಿದಾಗ ಬರುವುದು ಯಾಕೆ ಅಂದರೆ, ನೀವು ಕ್ಯಾಸೆಟ್ ತೆಗೆದು ಮತ್ತೆ ಹಾಕುತ್ತೀರಿ. ಆ ಉಜ್ಜಾಟದಲ್ಲಿ ಪಿನ್ ಒಂದು ಚೂರು ಸ್ವಚ್ಛವಾಗುತ್ತದೆ. ಕೆಲಸ ಮಾಡಿದ್ದು ಕೈ, ಹೆಸರು ಬಂದದ್ದು ಬಾಯಿಗೆ.

ಸರಿಯಾದ ರೀತಿ ಹೇಳುತ್ತೇನೆ. ಕ್ಯಾಸೆಟ್ ಬಾಯಿ ಮೇಲೆ ಮಾಡಿ ಬೆಳಕಿಗೆ ಹಿಡಿಯಿರಿ. ಒಂದೊಂದು ಬದಿಗೆ 30 ಗೆರೆ, ಒಟ್ಟು 60. ಚೆನ್ನಾಗಿರುವ ಗೆರೆ ಹೊಳೆಯುತ್ತದೆ. ಕಾಯಿಲೆ ಬಂದದ್ದು ಮಂಕಾಗಿ, ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅಂಚಿನಲ್ಲಿ ಹಸಿರು ಪುಡಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಅಂತ ಕೇಳಿ, ಐಸೋಪ್ರೊಪೈಲ್ ಆಲ್ಕೋಹಾಲ್. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದರಲ್ಲಿ ಅದ್ದಿ, ಗೆರೆಯ ಉದ್ದಕ್ಕೆ ಒಳಗಿನಿಂದ ಹೊರಗೆ ಎಳೆಯಿರಿ. ಅಡ್ಡಡ್ಡ ಉಜ್ಜಬೇಡಿ, ಕೊಳೆ ಪಕ್ಕದ ಗೆರೆಗೆ ಹೋಗಿ ಕೂರುತ್ತದೆ. ಹತ್ತಿ ಕಪ್ಪಾಗುವುದು ನಿಲ್ಲುವ ತನಕ ಬದಲಾಯಿಸುತ್ತಾ ಇರಿ. ಅದಕ್ಕೂ ಬಗ್ಗದಿದ್ದರೆ ಕ್ಯಾಸೆಟ್ ಬಿಚ್ಚಿ, ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಮತ್ತೆ ಐಪಿಎಯಲ್ಲಿ ಒರೆಸಿ. ಉಪ್ಪುಕಾಗದ ಮಾತ್ರ ಹತ್ತಿರ ತರಬೇಡಿ.

ಬಿಚ್ಚಿದಾಗ ಒಳಗೆ ನೋಡಿ ಬೇಜಾರಾಗಬೇಡಿ. ಅಷ್ಟು ದೊಡ್ಡ ಡಬ್ಬಿಯಲ್ಲಿ ಅರ್ಧ ಅಂಗೈಯಷ್ಟು ಬೋರ್ಡ್, ಮಧ್ಯೆ ಕಪ್ಪು ಅಂಟಿನ ಒಂದು ಉಬ್ಬು. ಚಿಪ್ ಅದರೊಳಗೇ ಇರುತ್ತದೆ. ಪ್ಯಾಕ್ ಮಾಡದ ಚಿಪ್ಪನ್ನು ನೇರವಾಗಿ ಬೋರ್ಡಿಗೆ ಕೂರಿಸಿ, ಕೂದಲಿಗಿಂತ ತೆಳು ತಂತಿಯಿಂದ ಜೋಡಿಸಿ, ಮೇಲೆ ಎಪಾಕ್ಸಿ ಸುರಿದಿರುತ್ತಾರೆ. ಖರ್ಚು ಉಳಿಸಲು ಮಾಡಿದ್ದು. ಆ ಉಬ್ಬನ್ನು ಕೆರೆಯಲು, ಒತ್ತಲು ಹೋಗಬೇಡಿ. ಒಳಗಿನ ತಂತಿ ಕಿತ್ತರೆ ಯಾರಿಂದಲೂ ರಿಪೇರಿ ಆಗುವುದಿಲ್ಲ.

ಮಲೆನಾಡಿನ ಮಳೆಗೆ ಒಂದೇ ಉಪಾಯ, ಬಿಗಿ ಮುಚ್ಚಳದ ಡಬ್ಬಿ ಮತ್ತು ಸಿಲಿಕಾ ಜೆಲ್. ಜೂನ್‌ಗೆ ಮುಂಚೆ ಹಾಕಿಡಿ. ಹೊಗೆ ಬರುವ ಅಡುಗೆಮನೆ ಅಟ್ಟದಲ್ಲಿ ಮಾತ್ರ ಇಡಬೇಡಿ.

ಪ್ರಶ್ನೆ: ರಿಮೋಟ್‌ನ ಬಲಗಡೆ ಬಟನ್ ಒಂದು ಮಾತ್ರ ಕೆಲಸ ಮಾಡುವುದಿಲ್ಲ. ಇನ್ನೊಂದು ರಿಮೋಟ್ ಪೂರ್ತಿ ಸತ್ತಿದೆ. ಎಸೆಯೋಣವಾ?
— ಹೊಳೆನರಸೀಪುರದಿಂದ ಒಬ್ಬ ಓದುಗರು

ಉತ್ತರ: ಎರಡನ್ನೂ ಎಸೆಯಬೇಡಿ. ಒಂದೇ ಬಟನ್ ಹೋಗಿದ್ದರೆ ರಬ್ಬರ್ ಅಡಿಯ ಕಪ್ಪು ಕಾರ್ಬನ್ ಸವೆದಿದೆ ಅಥವಾ ಕೊಳೆ ಕೂತಿದೆ. ಐಪಿಎಯಲ್ಲಿ ಒರೆಸಿದರೆ ಎಷ್ಟೋ ಸಲ ಸರಿಯಾಗುತ್ತದೆ. ಪೂರ್ತಿ ಸತ್ತಿದ್ದರೆ ಮೊದಲು ವೈರ್ ನೋಡಿ. ಎಂಟು ಬಟನ್ ಇದ್ದರೂ ಒಳಗೆ ಬರುವುದು ಐದೇ ತಂತಿ. 5 ವೋಲ್ಟ್, ಅರ್ತ್, ಇನ್ನು ಮೂರು ಮಾತುಕತೆಗೆ. 4021 ಥರದ ಒಂದು ಚಿಪ್ ಎಂಟು ಬಟನ್‌ನ ಸ್ಥಿತಿಯನ್ನು ಹಿಡಿದಿಟ್ಟುಕೊಂಡು, ಒಂದೇ ತಂತಿಯಲ್ಲಿ ಒಂದಾದ ಮೇಲೆ ಒಂದು ಕಳಿಸುತ್ತದೆ. ಹಾಗಾಗಿ ಐದರಲ್ಲಿ ಒಂದು ತಂತಿ ತುಂಡಾದರೂ ರಿಮೋಟ್ ಪೂರ್ತಿ ಸುಮ್ಮನಾಗುತ್ತದೆ. ತುಂಡಾಗುವುದು ಸಾಮಾನ್ಯವಾಗಿ ವೈರ್ ರಿಮೋಟ್‌ನಿಂದ ಹೊರಗೆ ಬರುವ ಜಾಗದಲ್ಲೇ, ಮಕ್ಕಳು ಅದನ್ನು ಸುತ್ತಿಡುತ್ತಾರಲ್ಲ, ಅಲ್ಲೇ. ಅಲ್ಲಿಂದ ಎರಡು ಇಂಚು ಕತ್ತರಿಸಿ ಬೆಸುಗೆ ಹಾಕಿದರೆ ಆಯಿತು.

ಪ್ರಶ್ನೆ: ನಕಲಿ ಕ್ಯಾಸೆಟ್ ಇಟ್ಟುಕೊಳ್ಳುವುದು, ಮಾರುವುದು ಕಾನೂನಿಗೆ ವಿರುದ್ಧ ಅಲ್ವಾ? ನೀವು ಅದನ್ನು ರಿಪೇರಿ ಮಾಡುವುದು ಸರಿಯಾ?
— ಕಾಲೇಜು ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ನೇರ ಪ್ರಶ್ನೆ, ಕೇಳಿದ್ದು ಒಳ್ಳೆಯದಾಯಿತು. ಪೆಟ್ಟಿಗೆ ಬೇರೆ, ಆಟ ಬೇರೆ. ಪೆಟ್ಟಿಗೆಯ ವಿನ್ಯಾಸಕ್ಕೆ ಇರುವುದು ಪೇಟೆಂಟ್. ಅದರ ಅವಧಿ ಸುಮಾರು 20 ವರ್ಷ, 1983ರ ಯಂತ್ರದ್ದು ಯಾವತ್ತೋ ಮುಗಿದಿದೆ. ಆಟಕ್ಕೆ ಇರುವುದು ಕಾಪಿರೈಟ್. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಸೇರುತ್ತದೆ, ಅದರ ರಕ್ಷಣೆ ಇನ್ನೂ ಬಹಳ ಕಾಲ ಇದೆ. ಕಾಂಟ್ರಾ ಇವತ್ತಿಗೂ ಕೊನಾಮಿಯದ್ದೇ.

ನಾನು ನಡೆದುಕೊಳ್ಳುವುದು ಹೀಗೆ. ಮನೆಯಲ್ಲಿ ಉಳಿದಿರುವ ಹಳೆಯದನ್ನು ರಿಪೇರಿ ಮಾಡುತ್ತೇನೆ. ಹೊಸದಾಗಿ ಕಾಪಿ ಮಾಡಿಕೊಡುವುದಿಲ್ಲ, ಈಗ ಬರುವ 400 ಇನ್ 1, 620 ಇನ್ 1 ಡಬ್ಬಿಗಳನ್ನು ಮಾರುವುದಿಲ್ಲ. ತೊಂಬತ್ತರಲ್ಲಿ ನಮ್ಮ ಊರಿನ ಅಂಗಡಿಯವರು ಬೆಂಗಳೂರಿನ ಎಸ್.ಪಿ. ರೋಡು, ನ್ಯಾಷನಲ್ ಮಾರ್ಕೆಟ್‌ನಿಂದ ಚೀಲದಲ್ಲಿ ಕ್ಯಾಸೆಟ್ ತರುತ್ತಿದ್ದರು. ಹಾಸನಾಂಬ ದರ್ಶನದ ದಿನಗಳಲ್ಲಿ ರಸ್ತೆ ಬದಿಯಲ್ಲೂ ಹರಡಿ ಮಾರುತ್ತಿದ್ದರು. ಅಸಲಿ ಅನ್ನುವುದನ್ನು ಇಲ್ಲಿ ಯಾರೂ ಕಣ್ಣಲ್ಲಿ ನೋಡಿರಲಿಲ್ಲ, ಕೊಳ್ಳೋಣ ಅಂದರೂ ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ. ಕೊನಾಮಿ 2019ರಲ್ಲಿ ಹಳೇ ಕಾಂಟ್ರಾಗಳಲ್ಲಿ ಹಲವನ್ನು ಸೇರಿಸಿ ಆನಿವರ್ಸರಿ ಕಲೆಕ್ಷನ್ ಅಂತ ಬಿಟ್ಟಿದೆ, ಸಾಮಾನ್ಯ ಕಂಪ್ಯೂಟರ್‌ನಲ್ಲೇ ಆಡಬಹುದು. ಚಿಕ್ಕಂದಿನಲ್ಲಿ ನಕಲಿ ಆಡಿದವರು ಈಗ ಸಂಬಳ ಬರುವಾಗ ಒಂದು ಸಲ ದುಡ್ಡು ಕೊಟ್ಟು ಕೊಳ್ಳಿ ಅಂತ ನನ್ನ ಗಿರಾಕಿಗಳಿಗೆ ಹೇಳುತ್ತೇನೆ. ಕೆಲವರು ಕೊಂಡು ಬಂದು ತೋರಿಸಿದ್ದಾರೆ, ನನಗೆ ಅದಕ್ಕಿಂತ ಸಂತೋಷ ಇಲ್ಲ.

ಪ್ರಶ್ನೆ: ಎಲ್‌ಇಡಿ ಟಿವಿಗೆ ಹಾಕಿದರೆ ಚಿತ್ರ ಕಪ್ಪುಬಿಳುಪು ಬರುತ್ತದೆ.
— ಆಲೂರಿನ ಓದುಗರು

ಉತ್ತರ: ಟಿವಿ ಮೆನುವಿನಲ್ಲಿ ಕಲರ್ ಸಿಸ್ಟಂ ಅಂತ ಇದೆ, ಅದನ್ನು ಆಟೋ ಮಾಡಿ. ಪಾಲ್ ಮಾತ್ರ ಅಂತ ಇದ್ದರೆ ಎನ್‌ಟಿಎಸ್‌ಸಿ, ಅಂದರೆ ಜಪಾನ್, ಅಮೆರಿಕದ ಪದ್ಧತಿಯ ಪೆಟ್ಟಿಗೆಯ ಬಣ್ಣ ಬರುವುದಿಲ್ಲ. ಹಳದಿ ಪಿನ್ ಕಾಂಪೊನೆಂಟ್‌ನ ಹಸಿರು ತೂತಿಗೆ ಹೋಗಿದ್ದರೂ ಹೀಗೇ ಆಗುತ್ತದೆ, ಅದನ್ನೂ ನೋಡಿ.

ಪ್ರಶ್ನೆ: ಅಟ್ಟದಲ್ಲಿ ಪೆಟ್ಟಿಗೆ ಸಿಕ್ಕಿತು, ಅಡಾಪ್ಟರ್ ಇಲ್ಲ. ರೌಟರ್‌ನ ಅಡಾಪ್ಟರ್ ಪಿನ್ ಸರಿಯಾಗಿ ಕೂರುತ್ತದೆ. ಹಾಕಲಾ?
— ಮೂಡಿಗೆರೆಯ ಓದುಗರು

ಉತ್ತರ: ಹಾಕಬೇಡಿ! ಪಿನ್ ಕೂತಿತು ಅಂದ ಮಾತ್ರಕ್ಕೆ ಅದು ಸರಿ ಅಂತಲ್ಲ. ಈ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ 9 ವೋಲ್ಟ್ ಬೇಕು, ಮಧ್ಯದ ಪಿನ್ ಮೈನಸ್. ರೌಟರ್‌ನದ್ದು ಸಾಮಾನ್ಯವಾಗಿ 12 ವೋಲ್ಟ್, ಮಧ್ಯ ಪ್ಲಸ್. ಉಲ್ಟಾ ಕೊಟ್ಟರೆ ಒಂದೇ ಕ್ಷಣ ಸಾಕು. ಪೆಟ್ಟಿಗೆಯ ಅಡಿಯಲ್ಲಿ ಒಂದು ಚುಕ್ಕೆ, ಸುತ್ತ ಅರ್ಧ ಉಂಗುರ, ಎರಡು ಕಡೆ ಪ್ಲಸ್ ಮೈನಸ್ ಬರೆದ ಚಿತ್ರ ಇರುತ್ತದೆ. ಮಧ್ಯದ ಚುಕ್ಕೆಗೆ ಯಾವ ಗುರುತು ಸೇರಿದೆಯೋ ಅದೇ ಗುರುತಿನ, ಅದೇ ವೋಲ್ಟಿನ ಅಡಾಪ್ಟರ್ ತನ್ನಿ. ಚಿತ್ರ ಅಳಿಸಿಹೋಗಿದ್ದರೆ ಪೆಟ್ಟಿಗೆಯನ್ನೇ ಮೂಡಿಗೆರೆಯಲ್ಲಿ ಯಾವುದಾದರೂ ರಿಪೇರಿ ಅಂಗಡಿಗೆ ಒಯ್ಯಿರಿ. ಒಳಗೆ 7805 ಅನ್ನುವ ರೆಗ್ಯುಲೇಟರ್ ಇರುತ್ತದೆ, ಅದರ ಕಾಲು ನೋಡಿ ಅವರು ಹೇಳುತ್ತಾರೆ.

ಪ್ರಶ್ನೆ: ಟರ್ಮಿನೇಟರ್ ಅಂತ ಬರೆದ ಕಪ್ಪು ಪೆಟ್ಟಿಗೆ ನನ್ನದು. ಸೆಗಾ ಕ್ಯಾಸೆಟ್ ಹಾಕಬಹುದಾ? ನೋಡಲು ಒಂದೇ ಥರ ಇದೆ.
— ತರೀಕೆರೆಯ ಓದುಗರು

ಉತ್ತರ: ಆಗುವುದಿಲ್ಲ. ಹೊರಗಿನ ಡಬ್ಬಿ ಮಾತ್ರ ಸೆಗಾ ಕಂಪನಿಯ ಮೆಗಾ ಡ್ರೈವ್ ಅನ್ನುವ ಬೇರೆ ಗೇಮ್ ಪೆಟ್ಟಿಗೆ ನೋಡಿ ಮಾಡಿದ್ದು, ಒಳಗಿರುವುದು ಫ್ಯಾಮಿಕಾಂ ನಕಲು. ಸೆಗಾ ಕ್ಯಾಸೆಟ್‌ಗೆ 64 ಪಿನ್, ನಿಮ್ಮದಕ್ಕೆ 60. ಒತ್ತಿ ಹಾಕಲು ಹೋಗಬೇಡಿ. ಮಾರಿಯೋ, ಕಾಂಟ್ರಾ, ಬ್ಯಾಟಲ್ ಸಿಟಿ ಹಾಕಿ, ಎಲ್ಲಾ ಓಡುತ್ತವೆ.